ಮೂರನೆಯ ಕೈ

ಹೆಸರಿಲ್ಲ ನಿನಗೆ. ಇದ್ದಲ್ಲಿ ಈಗ ಒಂದು ಚೌಕದ ಕಿಂಡಿ:
ಹೊಟ್ಟೆಗಿಲ್ಲದೆ ಪುಸ್ತಕ ಮಾರಿದ ನಿನ್ನ ಮರಿಮಕ್ಕಳು
ಅಜ್ಜನ ಹೆಸರು ಸಂತೆಗೆ ಬೀಳಬಾರದೆಂದು
ಕೆಂಪು ಮುದ್ರೆಯಷ್ಟನ್ನೇ ಕತ್ತರಿಸಿ ಇಟ್ಟುಕೊಂಡರು.
ಆ ಕಿಂಡಿಯಲ್ಲಿ ಕೆಳಹಾಳೆಯ ಅಕ್ಷರವೊಂದು ಇಣುಕುತ್ತದೆ:
'ನೀರು'.

ಆಂದೊಂಗ್‌ನ ಈ ನೆಲಮಾಳಿಗೆಯಲ್ಲಿ ನಾವು ನಿನ್ನನ್ನು
ಮೂರನೆಯ ಕೈ ಎನ್ನುತ್ತೇವೆ.
ಮೊದಲನೆಯದು ಅವಸರದ ಕೈ, ಎರಡನೆಯದು ಗುಮಾಸ್ತನದು,
ನಾಟಿ ಮಾಡಿದ ಗದ್ದೆಯಂತೆ ಸಾಲಿಗೆ ಸಾಲು.
ನಿನ್ನದು ಮಾತ್ರ 'ಬೆಟ್ಟ' ಬರೆಯುವಾಗ ನಡುಗೀಟನ್ನು
ಕೂದಲೆಳೆಯಷ್ಟು ಎಡಕ್ಕೆ ವಾಲಿಸುತ್ತದೆ,
ಏರು ಹತ್ತಿದವನು ಸೊಂಟಕ್ಕೆ ಕೈಕೊಟ್ಟು ನಿಂತ ಹಾಗೆ.

ಎಲ್ಲಿ ಬಾಳಬೇಕು ಮನುಷ್ಯ, ಎಂಬುದೇ ಪುಸ್ತಕದ ಮಾತು:
ಯಾವ ಕಣಿವೆಗೆ ನೀರಿದೆ, ಯಾವ ಹೊಳೆಗೆ
ಉಪ್ಪಿನ ದೋಣಿ ಬರುತ್ತದೆ, ಯಾವ ಊರವರು ನಂಬಿಕಸ್ಥರು,
ಯಾವ ಊರವರು ಜಗಳಗಂಟರು.
ಕೈಯಿಂದ ಕೈಗೆ, ಎರವಲಿನಿಂದ ಎರವಲಿಗೆ ನಡೆದು
ಎಲ್ಲೂ ನೆಲೆನಿಲ್ಲದ ಪುಸ್ತಕ.

ಕೊನೆಯಲ್ಲಿ ಬರೆದಿದ್ದೀಯ: 'ಬೆಂಕಿನಾಯಿಯ ವರ್ಷ,
ಹನ್ನೆರಡನೆಯ ತಿಂಗಳು. ಹೆಪ್ಪುಗಟ್ಟಿದ ಮಸಿಯನ್ನು
ಉಸಿರಿನಿಂದ ಕರಗಿಸಿ ಮುಗಿಸಿದೆ.'
ಸರಿ, ಆದರೆ ಯಾವ ಬೆಂಕಿನಾಯಿ?
ಅರವತ್ತು ಸಂವತ್ಸರಕ್ಕೊಮ್ಮೆ ಅದೇ ನಾಯಿ ಅದೇ ಬಾಗಿಲಿಗೆ ಬಂದು
ಅದೇ ಬಾಲ ಆಡಿಸುತ್ತದೆ.
ಸಾವಿರದ ಏಳುನೂರ ಅರವತ್ತಾರೋ? ಎಂಟುನೂರ ಇಪ್ಪತ್ತಾರೋ?

ಉತ್ತರದ ಗಡಿಯಲ್ಲಿ ಇಸಾನ್ ಎಂಬ ಊರಿತ್ತು.
ಎಪ್ಪತ್ತಾರರಲ್ಲಿ ಪಟ್ಟಕ್ಕೆ ಬಂದ ದೊರೆಯ ಹೆಸರು
ಕಿವಿಗೆ ಹಾಗೇ ಕೇಳುತ್ತದೆಂದು ಅದು ಚೊಸಾನ್ ಆಯಿತು.
ನೀನು ಇಸಾನ್ ಎಂದೇ ಬರೆದಿದ್ದೀಯ, ಅಳುಕಿಲ್ಲದೆ.
ಸಹಾಯಕ ಪ್ಯೊ ಇನ್‌ಹೊ ಮೇಜು ಗುದ್ದಿದ:
"ಮುಗಿಯಿತಲ್ಲ ಮೇಡಂ! ಮೊದಲನೇ ನಾಯಿ!"
ಮುಗಿಯಲಿಲ್ಲ. ಕೆಲವರಿಗೆ ಸಾಯುವ ತನಕ
ಹಳೆಯ ಹೆಸರೇ ನಾಲಿಗೆಗೆ ಬರುವುದು.
ನಮ್ಮತ್ತೆ ಇವತ್ತಿಗೂ, ಎತ್ತಂಗಡಿಯಾದ ಗಿರಣಿಯ ಹೆಸರು ಹೇಳಿ
ಬಸ್ಸು ಇಳಿಯುತ್ತಾಳೆ.

ಹೊದಿಕೆಯ ಒಳಪದರವನ್ನು ಆವಿ ಹಿಡಿದು ಬಿಡಿಸಿದೆ.
ರದ್ದಿ ಹಾಳೆ, ಸಾಲದ ಲೆಕ್ಕ:
'ಬಡಗಿ ದೊಲ್ಸೆ, ನವಣೆ ಎರಡು ಮಾಲ್, ತೀರಿಸಿಲ್ಲ.'
ತೀರಿಸಿಲ್ಲ, ತೀರಿಸಿಲ್ಲ, ಹನ್ನೊಂದು ಸಲ.
ತಾರೀಖು ಇದ್ದ ಅಂಚನ್ನೇ ಆರಿಸಿ ತಿಂದಿದೆ ಹುಳ.

ಇನ್ನು ಆ ಸಾಲು. ಮೂವತ್ತೆರಡನೆಯ ಹಾಳೆ.
ಹಿಂದಿನ ಎರಡು ಕೈಗಳಲ್ಲಿ ಇದೆ, ನಿನ್ನಲ್ಲಿಲ್ಲ,
ನಿನ್ನನ್ನು ನೋಡಿ ಬರೆದ ನಾಲ್ಕು ಪ್ರತಿಗಳಲ್ಲೂ ಇಲ್ಲ.
ಅದರಿಂದಲೇ ಗೊತ್ತು ಅವು ನಿನ್ನ ಮಕ್ಕಳೆಂದು.
ಕಣ್ಣು ಜಾರಿದೆ, ಎಂದು ತೀರ್ಮಾನಿಸಿದ್ದೆವು:
ಒಂದು 'ಕಣಿವೆ'ಯಿಂದ ಮುಂದಿನ 'ಕಣಿವೆ'ಗೆ ಹಾರಿದ ಕಣ್ಣು.
ಅಡಿಟಿಪ್ಪಣಿಯಲ್ಲಿ ಹಾಗೆ ಬರೆದವಳು ನಾನೇ.

ಇವತ್ತು ಮಧ್ಯಾಹ್ನ, ಡಬ್ಬಿಯ ಊಟ ಆರುತ್ತಿರಲು,
ಎರಡನೆಯ ಕೈಯ ಪ್ರತಿಯಿಂದ ಅದನ್ನು ಗಟ್ಟಿಯಾಗಿ ಓದಿದೆ:
'ಮಣ್ಣು ಕಪ್ಪು, ಬೆಳೆ ಹುಲುಸು. ಜನ ಮಾತ್ರ ಕಲ್ಲೆದೆಯವರು,
ದಾರಿಹೋಕನಿಗೆ ನೀರು ಕೊಡರು. ಬಾಳತಕ್ಕ ಜಾಗವಲ್ಲ.'

ನೀನು ಆ ಕಣಿವೆಯವನೇ?
ಬೆರಳು ಸೆಟೆದ ಆ ಚಳಿಯಲ್ಲಿ, ಈ ಸಾಲಿಗೆ ಬಂದಾಗ,
ಒಳಗಿಂದ ಯಾರೋ ಬಿಸಿ ಗಂಜಿ ತಂದಿಟ್ಟು
"ನಮ್ಮೂರ ಬಗ್ಗೆ ಏನಂತೆ?" ಎಂದು ಕೇಳಿದರೇ?
ಮಣ್ಣು ಒಳ್ಳೆಯದಂತೆ, ಎಂದಷ್ಟೇ ಹೇಳಿ
ಕುಂಚವನ್ನು ಮುಂದಿನ ಕಣಿವೆಗೆ ಒಯ್ದೆಯಾ?

ಗೊತ್ತಿಲ್ಲ. ಸಾಕ್ಷಿಯಿಲ್ಲದ್ದನ್ನು ಬರೆಯಲಾರೆ.
ಸೂಚಿಪತ್ರದಲ್ಲಿ ಕಾಲ: 1766, ಪಕ್ಕದಲ್ಲಿ
ಪೆನ್ಸಿಲ್ಲಿನ ಪ್ರಶ್ನೆ. ಸ್ಥಳ: ಖಾಲಿ.
ಇನ್‌ಹೊ ಹೋದ ಮೇಲೆ ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ.
ಆ ಸಾಲು ಶುರುವಾಗಬೇಕಿದ್ದಲ್ಲಿ, ಒಣಗಿದ ಮಸಿಯಲ್ಲಿ
ಕುಂಚದ ಕೂದಲೊಂದು ಸಿಕ್ಕಿಕೊಂಡಿದೆ.
ಅಷ್ಟು ಹೊತ್ತು ಅಲ್ಲೇ ಒತ್ತಿ ಹಿಡಿದಿದ್ದೆ ನೀನು.
ಅಥವಾ ಕುಂಚ ಹಳೆಯದಿತ್ತು, ಅಷ್ಟೆ.

ಅಳತೆ ಬರೆದುಕೊಂಡೆ: ಹನ್ನೊಂದು ಮಿಲಿಮೀಟರ್.
ಚಿಮಟ ಕೈಯಲ್ಲೇ ಇತ್ತು.
ತೆಗೆಯಲಿಲ್ಲ.